ಒಂದೇ ದಿನದಲ್ಲಿ ಜ್ವಾಲಾಮುಖಿ, ಹಿಮನದಿ, ಕಪ್ಪು ಕಡಲತೀರ: ಐಸ್‌ಲ್ಯಾಂಡಿನ ದಕ್ಷಿಣ ಕರಾವಳಿಗೆ ಖಾಸಗಿ ಗೈಡ್ ಜೊತೆ ಹೋಗುವ ಕ್ರಮ

ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಿಂದ ಒಂದನೇ ನಂಬರಿನ ಹೆದ್ದಾರಿ ಹಿಡಿದು 187 ಕಿ.ಮೀ. ಹೋದರೆ ವೀಕ್ ಎಂಬ ಪುಟ್ಟ ಊರು ಸಿಗುತ್ತದೆ. ಈ ದಾರಿಯಲ್ಲಿ ಲಾವಾ ಬಯಲಿದೆ, ಎರಡು ದೊಡ್ಡ ಜಲಪಾತಗಳಿವೆ, ಕಾಲಿಟ್ಟು ನಡೆಯಬಹುದಾದ ಹಿಮನದಿಯಿದೆ, ಕಪ್ಪು ಮರಳಿನ ಕಡಲತೀರವಿದೆ. ಎಲ್ಲಕ್ಕೂ ಹಿನ್ನೆಲೆಯಾಗಿ ಮಂಜಿನ ಹೊದಿಕೆ ಹೊತ್ತ ಎರಡು ಜ್ವಾಲಾಮುಖಿಗಳು ನಿಂತಿವೆ. ಒಂದು ದಿನದಲ್ಲಿ ನೋಡಿ ಮುಗಿಸಬಹುದಾದ ಹರಹು ಇಷ್ಟೇ. ಇನ್ನೂ ಮುಂದಿರುವ ಯೋಕುಲ್ಸಾರ್ಲೋನ್ ಮಂಜುಗಡ್ಡೆ ಸರೋವರವನ್ನೂ ಅದೇ ದಿನಕ್ಕೆ ಸೇರಿಸಿ ಎಂದು ಹಲವರು ಕೇಳುತ್ತಾರೆ. ಅದು ರೇಕ್ಯಾವಿಕ್‌ನಿಂದ ಸುಮಾರು 370 ಕಿ.ಮೀ. ದೂರ. ಹೋಗಿಬರುವುದರಲ್ಲೇ ಒಂಬತ್ತು ಹತ್ತು ಗಂಟೆ ಕಳೆದುಹೋಗುತ್ತದೆ, ಉಳಿದೆಲ್ಲ ಜಾಗಗಳನ್ನು ಕಾರಿನ ಕಿಟಕಿಯಿಂದ ನೋಡಬೇಕಾಗುತ್ತದೆ. ಅಲ್ಲಿಗೆ ಹೋಗಲೇಬೇಕೆಂದಿದ್ದರೆ ವೀಕ್‌ನಲ್ಲೋ ಅದರಾಚೆಯೋ ಒಂದು ರಾತ್ರಿ ತಂಗಿ.

ಖಾಸಗಿ ಗೈಡಿಗೆ ಕೊಡುವ ಹಣ ಸಾರ್ಥಕವಾಗುವುದು ಆರಾಮದ ಸೀಟಿನಿಂದಲ್ಲ, ಕ್ರಮ ಬದಲಿಸುವ ಸ್ವಾತಂತ್ರ್ಯದಿಂದ. ದೊಡ್ಡ ಬಸ್ಸು ನಿಗದಿತ ವೇಳೆಗೆ ನಿಗದಿತ ಜಾಗದಲ್ಲಿರಬೇಕು. ನಿಮ್ಮ ಗೈಡ್ ಬೆಳಿಗ್ಗೆ ಗಾಳಿಯ ನಕ್ಷೆ ನೋಡಿ ಇಡೀ ದಿನವನ್ನು ತಿರುವುಮುರುವು ಮಾಡಬಹುದು. ಕೆಳಗಿನ ಸಲಹೆಗಳೆಲ್ಲ ಆ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಲೆಂದೇ ಇವೆ.

ಯಾವ ತಿಂಗಳು, ಯಾವ ದಿನ

ಮೊದಲು ಹಗಲಿನ ಲೆಕ್ಕ ಹಾಕಿ. ಜೂನ್ ಕೊನೆಯ ಭಾಗದಲ್ಲಿ ರೇಕ್ಯಾವಿಕ್‌ನಲ್ಲಿ ಸುಮಾರು 21 ಗಂಟೆ ಹಗಲಿರುತ್ತದೆ, ಸೂರ್ಯ ಮುಳುಗುವುದು ನಡುರಾತ್ರಿಯ ಹೊತ್ತಿಗೆ. ಡಿಸೆಂಬರ್ ಕೊನೆಯಲ್ಲಿ ಹನ್ನೊಂದೂಕಾಲರ ಬಳಿಕ ಬೆಳಗಾಗಿ ಮೂರೂವರೆಗೆ ಸಂಜೆಯಾಗುತ್ತದೆ. ಬೇಸಿಗೆಯಲ್ಲಿ ಐದು ಜಾಗ ನೋಡಬಹುದಾದರೆ ಡಿಸೆಂಬರಿನಲ್ಲಿ ಮೂರು ಸಾಕು. ಮೊದಲ ಸಲ ಹೋಗುವವರಿಗೆ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗಿನ ಕಾಲವೇ ಒಳ್ಳೆಯದು. ರಾತ್ರಿಯ ಆಕಾಶದಲ್ಲಿ ಮೂಡುವ ಉತ್ತರದ ಬೆಳಕನ್ನೂ (ಅರೋರಾ) ನೋಡಬೇಕೆಂದರೆ ಸೆಪ್ಟೆಂಬರ್ ಕೊನೆ ಅಥವಾ ಮಾರ್ಚ್ ಆರಿಸಿ. ಆಗ ಹಗಲು ರಾತ್ರಿ ಹೆಚ್ಚುಕಡಿಮೆ ಸಮವಾಗಿರುತ್ತವೆ, ಎರಡಕ್ಕೂ ಅವಕಾಶವಿದೆ.

ಎರಡನೆಯದು, ಈ ಪ್ರವಾಸವನ್ನು ಐಸ್‌ಲ್ಯಾಂಡಿನಲ್ಲಿರುವ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಬಿರುಗಾಳಿ ಬಂದು ರದ್ದಾದರೆ ಮುಂದೂಡಲು ದಿನವೇ ಇರುವುದಿಲ್ಲ. ತಲುಪಿದ ಮರುದಿನವೂ ಬೇಡ. ಬೆಂಗಳೂರಿನಿಂದ ನೇರ ವಿಮಾನವಿಲ್ಲ, ಯುರೋಪಿನ ಯಾವುದಾದರೂ ನಗರದಲ್ಲಿ ವಿಮಾನ ಬದಲಿಸಿ ಹೋಗಬೇಕು. ಆ ದಣಿವಿನಲ್ಲಿ ಮಂಜುಗಡ್ಡೆಯ ಮೇಲೆ ಮೂರು ಗಂಟೆ ಕಳೆಯುವುದು ಕಷ್ಟ. ನಡುವಿನ ದಿನವನ್ನು ಆರಿಸಿ, ಅದರ ಮುಂದಿನ ದಿನವನ್ನು ಖಾಲಿ ಬಿಡಿ.

ಕಾಗದಪತ್ರ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಐಸ್‌ಲ್ಯಾಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದಲ್ಲಿದೆ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ನಿಯಮದಲ್ಲಿ ಕೊನೆಯ ಗಡುವು 15 ದಿನ ಎಂದಿದ್ದರೂ ಬೇಸಿಗೆ ರಜೆಯ ದಟ್ಟಣೆಯಲ್ಲಿ ಅದನ್ನು ನಂಬಿ ಕೂರಬೇಡಿ. ಲಂಡನ್ ಮೂಲಕ ಟಿಕೆಟ್ ತೆಗೆಯುವವರು ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ನಿಯಮವನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು, ಷೆಂಗೆನ್ ವೀಸಾ ಅಲ್ಲಿ ನಡೆಯುವುದಿಲ್ಲ.

ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಅನೇಕರು ಇಲ್ಲಿಯೇ ಎಡವುತ್ತಾರೆ. ಅಗ್ಗದ ಪಾಲಿಸಿಗಳಲ್ಲಿ ಸಾಹಸ ಚಟುವಟಿಕೆಗಳಿಗೆ ರಕ್ಷಣೆ ಇರುವುದಿಲ್ಲ. ಹಿಮನದಿಯ ನಡಿಗೆ ಆ ಪಟ್ಟಿಗೆ ಬರುತ್ತದೆಯೇ ಎಂದು ವಿಮಾ ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆಯಿರಿ. ಮಂಜಿನ ಮೇಲೆ ಕಾಲು ಮುರಿದರೆ ಖರ್ಚು ಬರುವುದು ಆಗಲೇ.

ಗೈಡನ್ನು ಆರಿಸುವುದು

ಐಸ್‌ಲ್ಯಾಂಡಿನಲ್ಲಿ ದಿನದ ಪ್ರವಾಸ ಮಾರುವ ಯಾರೇ ಆದರೂ ಅಲ್ಲಿನ ಪ್ರವಾಸೋದ್ಯಮ ಮಂಡಳಿಯ ಪರವಾನಗಿ ಹೊಂದಿರಬೇಕು, ಬರಹದಲ್ಲಿ ಸುರಕ್ಷತಾ ಯೋಜನೆ ಇಟ್ಟುಕೊಂಡಿರಬೇಕು. ಎರಡನ್ನೂ ಕೇಳುವ ಹಕ್ಕು ನಿಮಗಿದೆ. ಸಾಮಾಜಿಕ ಜಾಲತಾಣದಲ್ಲಿ ಕಡಿಮೆ ದರಕ್ಕೆ ಕಾರು ಓಡಿಸುತ್ತೇನೆ ಎನ್ನುವವರ ಬಳಿ ಇವೆರಡೂ ಇರುವುದಿಲ್ಲ.

ಕಾಯ್ದಿರಿಸುವ ಮುನ್ನ ಬಗೆಹರಿಸಿಕೊಳ್ಳಬೇಕಾದ ಮುಖ್ಯ ಸಂಗತಿ ಇದು: ಕಾರು ಓಡಿಸುವ ಗೈಡ್ ಬೇರೆ, ಹಿಮನದಿಯ ಗೈಡ್ ಬೇರೆ. ರಸ್ತೆಯ ಗೈಡಿಗೆ ಇತಿಹಾಸ, ಭೂಗರ್ಭ, ಹಕ್ಕಿಗಳೆಲ್ಲ ಗೊತ್ತಿರಬಹುದು, ಆದರೆ ಮಂಜಿನ ಮೇಲೆ ಜನರನ್ನು ಕರೆದೊಯ್ಯಲು ಪ್ರತ್ಯೇಕ ತರಬೇತಿ ಬೇಕು. ಅಲ್ಲಿನ ಪರ್ವತ ಗೈಡುಗಳ ಸಂಘವೇ ಅದನ್ನು ನಡೆಸುತ್ತದೆ. ಖಾಸಗಿ ಪ್ರವಾಸ ಎಂದು ಹಣ ಕೊಟ್ಟವರು ಹಿಮನದಿಯ ಬುಡದಲ್ಲಿ ಇತರ ಹತ್ತು ಜನರ ಗುಂಪಿಗೆ ಸೇರಿಕೊಳ್ಳಬೇಕಾಗಿ ಬಂದು ಬೇಸರಪಟ್ಟುಕೊಳ್ಳುವುದುಂಟು. ಗುಂಪಿನ ನಡಿಗೆ ಕೆಟ್ಟದ್ದೇನಲ್ಲ, ಅಗ್ಗವೂ ಹೌದು. ಆದರೆ ಅದು ಗುಂಪೋ ಖಾಸಗಿಯೋ ಎಂಬುದು ಮೊದಲೇ ತಿಳಿದಿರಬೇಕು. ಇದರ ಜೊತೆಗೆ ಇವನ್ನೂ ಮಿಂಚಂಚೆಯಲ್ಲಿ ಕೇಳಿ:

- ದರ ಇಡೀ ವಾಹನಕ್ಕೋ, ತಲೆಗೋ? ಎಷ್ಟು ಗಂಟೆಗೆ? ಹೆಚ್ಚಾದರೆ ಗಂಟೆಗೆ ಎಷ್ಟು?
- ಹಿಮನದಿ ನಡಿಗೆಯ ಶುಲ್ಕ, ವಾಹನ ನಿಲುಗಡೆ ಶುಲ್ಕ, ಊಟ ಇದರಲ್ಲಿ ಸೇರಿವೆಯೇ?
- ಹವಾಮಾನ ಕೆಟ್ಟರೆ ಪೂರ್ತಿ ಹಣ ವಾಪಸೋ, ಬದಲಿ ದಿನವೋ? ತೀರ್ಮಾನ ಯಾರದು, ಎಷ್ಟು ಗಂಟೆಯೊಳಗೆ?
- ಮಕ್ಕಳ ಸೀಟು ಇದೆಯೇ? 135 ಸೆಂ.ಮೀ.ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಅದು ಕಾನೂನಿನ ಅಗತ್ಯ.

ಆಳೆತ್ತರದ ಚಕ್ರಗಳ ಸೂಪರ್ ಜೀಪಿನ ಆಸೆ ಹಲವರಿಗಿರುತ್ತದೆ. ವೀಕ್‌ವರೆಗಿನ ಹೆದ್ದಾರಿ ಪೂರ್ತಿ ಡಾಂಬರಿನದು, ಅದಕ್ಕೆ ಸಾಮಾನ್ಯ ನಾಲ್ಕು ಚಕ್ರ ಚಾಲನೆಯ ವಾಹನ ಸಾಕು. ವೀಕ್‌ನಾಚೆ ಕಾಟ್ಲಾ ಜ್ವಾಲಾಮುಖಿಯ ಬಳಿಯ ಮಂಜಿನ ಗುಹೆಗೆ ಹೋಗುವುದಾದರೆ ಮಾತ್ರ ದೊಡ್ಡ ಜೀಪು ಬೇಕು. ಆ ಗುಹೆಗೆ ಹೋಗಿಬರಲು ಸುಮಾರು ಮೂರು ಗಂಟೆ ಹಿಡಿಯುತ್ತದೆ, ಹಾಗಾಗಿ ಅದು ಹಿಮನದಿಯ ನಡಿಗೆಗೆ ಬದಲಿ. ಎರಡೂ ಒಂದೇ ದಿನ ಹಿಡಿಸುವುದಿಲ್ಲ. ಬೇಸಿಗೆಯಲ್ಲಿ ಗುಹೆ ತೋರಿಸುತ್ತೇವೆಂದು ಬೇರೆ ಹಿಮನದಿಗಳಿಗೆ ಕರೆಯುವವರಿದ್ದರೆ ಹಿಂಜರಿಯಿರಿ. 2024ರ ಆಗಸ್ಟಿನಲ್ಲಿ ಬ್ರೇದಾಮೆರ್ಕುರ್‌ಯೋಕುಲ್ ಹಿಮನದಿಯಲ್ಲಿ ಮಂಜು ಕುಸಿದು ಪ್ರವಾಸಿಯೊಬ್ಬರು ಸತ್ತರು. ಬೆಚ್ಚಗಿನ ತಿಂಗಳುಗಳಲ್ಲಿ ಕರಗುವ ನೀರು ಗುಹೆಯ ಗೋಡೆಗಳನ್ನು ಒಳಗಿನಿಂದ ತಿನ್ನುತ್ತಿರುತ್ತದೆ.

ಉಡುಪು

ಇಲ್ಲಿ ಕೊಲ್ಲುವುದು ಚಳಿಯಲ್ಲ, ಒದ್ದೆ ಮತ್ತು ಗಾಳಿ. ಜುಲೈನಲ್ಲಿ ಉಷ್ಣಾಂಶ 10–13 ಡಿಗ್ರಿ ಇದ್ದರೂ ಒದ್ದೆಯಾದ ಹತ್ತಿಬಟ್ಟೆಯಲ್ಲಿ ಗಾಳಿಗೆ ನಿಂತರೆ ಹತ್ತು ನಿಮಿಷದಲ್ಲಿ ನಡುಕ ಬರುತ್ತದೆ. ಮೈಗಂಟಿದ ಪದರ ಉಣ್ಣೆಯದೋ ಸಿಂಥೆಟಿಕ್ಕೋ ಇರಲಿ, ಅದರ ಮೇಲೆ ಫ್ಲೀಸ್, ಹೊರಗೆ ಗಾಳಿ ಮಳೆ ಎರಡನ್ನೂ ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಜಾಕೆಟ್ ತಂದು ಪ್ಯಾಂಟ್ ಮರೆಯುವವರೇ ಹೆಚ್ಚು. ಜೀನ್ಸ್ ಬೇಡ, ನೀರು ಕುಡಿದು ಭಾರವಾಗುತ್ತದೆ, ಒಣಗುವುದಿಲ್ಲ. ಕೊಡೆ ತರಲೇಬೇಡಿ.

ಬೂಟು ಕಣಕಾಲನ್ನು ಮುಚ್ಚಬೇಕು, ಅಡಿ ಗಟ್ಟಿಯಾಗಿರಬೇಕು. ಮೆತ್ತನೆಯ ಓಟದ ಬೂಟಿಗೆ ಕ್ರಾಂಪಾನ್, ಅಂದರೆ ಮಂಜಿನಲ್ಲಿ ಕಚ್ಚುವ ಉಕ್ಕಿನ ಹಲ್ಲುಗಳ ಪಟ್ಟಿ, ನಿಲ್ಲುವುದಿಲ್ಲ. ಅಂಥವರನ್ನು ಹಿಂದಕ್ಕೆ ಕಳಿಸುತ್ತಾರೆ ಅಥವಾ ಬಾಡಿಗೆ ಬೂಟು ಕೊಡುತ್ತಾರೆ. ಸೀರೆ, ದುಪಟ್ಟ, ಅಗಲ ಕಾಲಿನ ಪ್ಯಾಂಟು ಆ ಹಲ್ಲುಗಳಿಗೆ ಸಿಕ್ಕಿ ಬೀಳಿಸುತ್ತವೆ, ಮನೆಯ ಹಿರಿಯರಿಗೆ ಇದನ್ನು ಹೊರಡುವ ಮೊದಲೇ ಹೇಳಿ. ನಮ್ಮ ಕಡೆಯ ದಪ್ಪ ಮಂಕಿ ಕ್ಯಾಪಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ, ಕಿವಿ ಮುಚ್ಚುವ ತೆಳುವಾದ ಟೋಪಿ ಬೇಕು. ಕೈಗವಸು ಬೇಸಿಗೆಯಲ್ಲೂ ಕಡ್ಡಾಯ, ಏಕೆಂದರೆ ಬಿದ್ದಾಗ ಊರುವ ಅಂಗೈಯನ್ನು ಒರಟು ಮಂಜು ಗಾಜಿನ ಚೂರಿನಂತೆ ಗೀರುತ್ತದೆ. ಇವನ್ನೆಲ್ಲ ಊರಿನಲ್ಲೇ ಕೊಂಡುಕೊಳ್ಳಿ, ರೇಕ್ಯಾವಿಕ್‌ನ ಅಂಗಡಿಗಳಲ್ಲಿ ಬಲು ದುಬಾರಿ.

ಊಟ

ಸಸ್ಯಾಹಾರಿಗಳು ದಾರಿಯ ಹೋಟೆಲುಗಳನ್ನು ನೆಚ್ಚಿಕೊಳ್ಳಬಾರದು, ಪೆಟ್ರೋಲ್ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಹಾಟ್‌ಡಾಗ್, ಕುರಿಮಾಂಸದ ಸೂಪು. ಹಿಂದಿನ ಸಂಜೆ ಬೋನಸ್ ಅಥವಾ ಕ್ರೋನಾನ್ ಅಂಗಡಿಯಲ್ಲಿ ಬ್ರೆಡ್ಡು, ಚೀಸ್, ಹಣ್ಣು ಕೊಂಡಿಡಿ. ಸ್ಕಿರ್ ಎಂಬ ಗಟ್ಟಿ ಮೊಸರು ಹೊಟ್ಟೆ ತುಂಬಿಸುತ್ತದೆ. ಕೆಲವು ಬಗೆಯ ಸ್ಕಿರ್‌ನಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ಪ್ರಾಣಿಮೂಲದ ರೆನೆಟ್ ಇರುವುದರಿಂದ ಕಟ್ಟುನಿಟ್ಟಿನವರು ಪೊಟ್ಟಣ ಓದಿಕೊಳ್ಳಬೇಕು. ಚಪಾತಿ, ಚಟ್ನಿಪುಡಿ, ಬಿಸಿನೀರಿನ ಫ್ಲಾಸ್ಕ್ ಇದ್ದರೆ ಇನ್ನೂ ನೆಮ್ಮದಿ. ನೀರಿನ ಬಾಟಲಿಗೆ ದುಡ್ಡು ಸುರಿಯಬೇಡಿ, ನಲ್ಲಿಯ ತಣ್ಣೀರು ನೇರವಾಗಿ ಕುಡಿಯಲು ಯೋಗ್ಯ. ಬಿಸಿನೀರಿನ ನಲ್ಲಿಯಲ್ಲಿ ಭೂಶಾಖದ ನೀರು ಬರುವುದರಿಂದ ಗಂಧಕದ ವಾಸನೆ ಹೊಡೆಯುತ್ತದೆ. ತಣ್ಣೀರನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು ಹಿಡಿಯಿರಿ.

ಹಿಂದಿನ ರಾತ್ರಿ ಮತ್ತು ಬೆಳಿಗ್ಗೆ

ಐಸ್‌ಲ್ಯಾಂಡಿನ ಹವಾಮಾನ ಇಲಾಖೆಯ ತಾಣದಲ್ಲಿ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ನೋಡಿ. ಗಾಳಿಯ ವೇಗ ಅಲ್ಲಿ ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿರುತ್ತದೆ. 3.6ರಿಂದ ಗುಣಿಸಿದರೆ ಗಂಟೆಗೆ ಕಿ.ಮೀ. ಸಿಗುತ್ತದೆ. ಹದಿನೈದರವರೆಗೆ ಯೋಚನೆಯಿಲ್ಲ. ಇಪ್ಪತ್ತು ದಾಟಿದರೆ ನಿಲ್ಲುವುದೇ ಕಷ್ಟ. ಇಪ್ಪತ್ತೈದು ಅಂದರೆ ಗಂಟೆಗೆ 90 ಕಿ.ಮೀ., ಆಗ ಗೈಡ್ ಬೇಡವೆಂದರೆ ವಾದಿಸಬೇಡಿ. ಸರಾಸರಿ ವೇಗವನ್ನಷ್ಟೇ ನೋಡಿದರೆ ಸಾಲದು, ಗಾಳಿಯ ಹೊಡೆತದ ಅಂಕಿ ಬೇರೆ ಇರುತ್ತದೆ. ಮಂಜು ಹೊತ್ತ ಏಯಾಫ್ಯಾಟ್ಲಾಯೋಕುಲ್ ಜ್ವಾಲಾಮುಖಿಯ ಕೆಳಗೆ ಹಾದುಹೋಗುವ ರಸ್ತೆಯಲ್ಲಿ ಮೇಲಿನಿಂದ ಧುಮುಕುವ ಗಾಳಿ ಸರಾಸರಿಯ ಎರಡರಷ್ಟು ಬಲದಿಂದ ಹೊಡೆಯಬಲ್ಲದು. ಕರಾವಳಿ ಕೆಟ್ಟಿದ್ದು ಒಳನಾಡು ಶಾಂತವಾಗಿದ್ದರೆ ಅದೇ ಗೈಡ್ ಜೊತೆ ಥಿಂಗ್ವೆಟ್ಲಿರ್, ಗೇಸಿರ್, ಗುಟ್ಲ್‌ಫೋಸ್ ಜಲಪಾತದ ಕಡೆಗೆ ಹೋಗಬಹುದು. ಹಿಮನದಿ ನಡಿಗೆ ತಪ್ಪಿದರೂ ಭೂಫಲಕಗಳ ಬಿರುಕನ್ನೂ, ಕೆಲವೇ ನಿಮಿಷಗಳಿಗೊಮ್ಮೆ ಚಿಮ್ಮುವ ಬಿಸಿನೀರಿನ ಬುಗ್ಗೆಯನ್ನೂ ನೋಡಿದಂತಾಗುತ್ತದೆ. ಈ ಬದಲಿಯನ್ನು ಒಪ್ಪಂದದಲ್ಲೇ ಬರೆಸಿಡಿ.

ದಿನದ ಕ್ರಮ: ಹಿಮನದಿ ಮೊದಲು, ಜಲಪಾತ ಕೊನೆಗೆ

ದಾರಿಯಲ್ಲಿ ಮೊದಲು ಸಿಗುವುದು ಜಲಪಾತ. ಹೆಚ್ಚಿನ ಬಸ್ಸುಗಳು ಅಲ್ಲೇ ನಿಲ್ಲುತ್ತವೆ. ನೀವು ನಿಲ್ಲಬೇಡಿ. ಸೇಲ್ಯಾಲಾಂಡ್ಸ್‌ಫೋಸ್ ಜಲಪಾತದ ಹಿಂದೆ ಸುತ್ತಿ ಬಂದವರು ತಲೆಯಿಂದ ಕಾಲಿನವರೆಗೆ ತೊಯ್ದಿರುತ್ತಾರೆ, ಆ ಒದ್ದೆಯಲ್ಲೇ ಮಂಜಿನ ಮೇಲೆ ಮೂರು ಗಂಟೆ ಕಳೆಯಬೇಕಾಗುತ್ತದೆ. ಜೊತೆಗೆ ಆ ಜಲಪಾತ ಪಶ್ಚಿಮಕ್ಕೆ ಮುಖ ಮಾಡಿದೆ, ಬೆಳಕು ಬೀಳುವುದು ಸಂಜೆ.

ಬೇಸಿಗೆಯ ವೇಳಾಪಟ್ಟಿ ಹೀಗಿರಲಿ. ಏಳೂವರೆಗೆ ಹೊರಡಿ. ಹೆಲ್ಲಿಸ್‌ಹೇಡಿ ಪ್ರಸ್ಥಭೂಮಿ ಹತ್ತುವಾಗ ರಸ್ತೆಯ ಎರಡೂ ಬದಿಗೆ ಪಾಚಿ ಹೊದ್ದ ಲಾವಾ, ಅಲ್ಲಲ್ಲಿ ಬಿಳಿ ಹಬೆ ಕಾಣುತ್ತವೆ. ಅಲ್ಲಿನ ಭೂಶಾಖ ಸ್ಥಾವರ 303 ಮೆಗಾವ್ಯಾಟ್ ವಿದ್ಯುತ್ತಿನ ಜೊತೆಗೆ ರಾಜಧಾನಿಯ ಮನೆಗಳಿಗೆ ಬಿಸಿನೀರನ್ನೂ ಕೊಡುತ್ತದೆ. ಪಾಚಿಯ ಮೇಲೆ ಫೋಟೋಕ್ಕೆಂದು ಹತ್ತಬೇಡಿ, ಒಂದು ಹೆಜ್ಜೆಯ ಗುರುತು ಮಾಯಲು ದಶಕಗಳೇ ಬೇಕಾಗಬಹುದು. ಹ್ವೋಲ್ಸ್‌ವೋಲುರ್ ಊರಿನಲ್ಲಿ ಶೌಚಾಲಯಕ್ಕೆ ಹದಿನೈದು ನಿಮಿಷ ನಿಲ್ಲಿ. ಹತ್ತು ಗಂಟೆಗೆ ಸೋಲ್ಹೇಮಾಯೋಕುಲ್ ಹಿಮನದಿಯ ಬುಡ ತಲುಪುತ್ತೀರಿ. ಒಂದೂವರೆಗೆ ವೀಕ್‌ನಲ್ಲಿ ಊಟ, ಎರಡೂವರೆಗೆ ರೇನಿಸ್‌ಫ್ಯಾರಾ ಕಡಲತೀರ, ಮೂರೂಮುಕ್ಕಾಲಿಗೆ ದಿರ್ಹೋಲಾಯ್ ಭೂಶಿರ, ಐದು ಗಂಟೆಯ ಸುಮಾರಿಗೆ ಸ್ಕೋಗಾಫೋಸ್, ಆರಕ್ಕೆ ಸೇಲ್ಯಾಲಾಂಡ್ಸ್‌ಫೋಸ್. ಎಂಟೂವರೆಗೆ ಮರಳಿ ರೇಕ್ಯಾವಿಕ್. ಒಟ್ಟು 13 ಗಂಟೆಯಾಯಿತು. ನಿಮ್ಮ ಗೈಡ್ ಹತ್ತು ಗಂಟೆಗೆ ದರ ಹೇಳಿದ್ದರೆ ಈ ಪಟ್ಟಿಯನ್ನು ಮೊದಲೇ ಕಳಿಸಿ ಮಾತಾಡಿಕೊಳ್ಳಿ. ಡಿಸೆಂಬರಿನಲ್ಲಾದರೆ ಕತ್ತಲಲ್ಲೇ ಹೊರಟು, ಬೆಳಕು ಹರಿಯುತ್ತಿದ್ದಂತೆ ಹಿಮನದಿ, ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಕಡಲತೀರ, ಬೆಳಕು ಉಳಿದಿದ್ದರೆ ಸ್ಕೋಗಾಫೋಸ್. ಅಷ್ಟಕ್ಕೇ ನಿಲ್ಲಿಸಿ.

ವಾಹನದ ಬಾಗಿಲು ತೆಗೆಯುವುದನ್ನೂ ಇಲ್ಲಿ ಕಲಿಯಬೇಕು. ಗಾಳಿ ಬಾಗಿಲನ್ನು ಕಿತ್ತು ಹಿಂದಕ್ಕೆ ಮಡಚಿದ ಉದಾಹರಣೆಗಳು ಧಾರಾಳ. ಒಂದು ಕೈಯಲ್ಲಿ ಬಾಗಿಲನ್ನು ಗಟ್ಟಿಯಾಗಿ ಹಿಡಿದೇ ತೆರೆಯಿರಿ, ಎರಡೂ ಬದಿಯ ಬಾಗಿಲುಗಳನ್ನು ಒಮ್ಮೆಗೇ ತೆರೆಯಬೇಡಿ.

ಮಂಜಿನ ಮೇಲೆ ನಡೆಯುವುದು

ಸೋಲ್ಹೇಮಾಯೋಕುಲ್ ಎಂಬುದು ಮಿರ್ದಾಲ್ಸ್‌ಯೋಕುಲ್ ಎಂಬ ವಿಶಾಲ ಮಂಜಿನ ಹೊದಿಕೆಯಿಂದ ಕೆಳಗಿಳಿದ ನಾಲಗೆ. ಆ ಹೊದಿಕೆಯಡಿಯಲ್ಲಿ ಕಾಟ್ಲಾ ಜ್ವಾಲಾಮುಖಿ ಮಲಗಿದೆ. ಅದರ ಕೊನೆಯ ದೊಡ್ಡ ಸ್ಫೋಟ 1918ರಲ್ಲಿ. ವಾಹನ ನಿಲ್ಲಿಸಿದ ಜಾಗದಿಂದ ಮಂಜಿನ ಅಂಚಿಗೆ ಜಲ್ಲಿಕಲ್ಲಿನ ದಾರಿಯಲ್ಲಿ ನಡೆಯಬೇಕು. ಹಿಮನದಿ ಹಿಂದೆ ಸರಿಯುತ್ತಿರುವುದರಿಂದ ಈ ನಡಿಗೆ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ಈಗ ಮುಂದೆ ಕಾಣುವ ಸರೋವರವಿರುವ ಜಾಗದಲ್ಲಿ ಮೊದಲು ಮಂಜೇ ಇತ್ತು.

ಹಿಮನದಿ ಗೈಡ್ ಹೆಲ್ಮೆಟ್, ಸೊಂಟಪಟ್ಟಿ, ಕ್ರಾಂಪಾನ್, ಮಂಜುಗೊಡಲಿ ಕೊಡುತ್ತಾರೆ. ಕ್ರಾಂಪಾನ್ ಕಟ್ಟಿದ ಮೇಲೆ ಕಾಲು ಝಾಡಿಸಿ ನೋಡಿ, ಅಲುಗಾಡಿದರೆ ಅಲ್ಲೇ ಹೇಳಿ. ಹತ್ತು ಹದಿನೈದು ನಿಮಿಷ ನಡೆದ ಮೇಲೆ ಪಟ್ಟಿ ಸಡಿಲವಾಗುವುದು ಸಹಜ, ಇನ್ನೊಮ್ಮೆ ಬಿಗಿಸಿಕೊಳ್ಳಬೇಕು. ನಡೆಯುವಾಗ ಎರಡು ಪಾದಗಳ ನಡುವೆ ಸೊಂಟದಗಲ ಅಂತರವಿರಲಿ. ಬೀಳುವವರಲ್ಲಿ ಹೆಚ್ಚಿನವರು ಜಾರಿ ಬೀಳುವುದಿಲ್ಲ, ಒಂದು ಕಾಲಿನ ಹಲ್ಲು ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಬೀಳುತ್ತಾರೆ. ಪಾದವನ್ನು ಚಪ್ಪಟೆಯಾಗಿ, ಒತ್ತಿ ಊರಿ. ಇಳಿಜಾರಿನಲ್ಲಿ ಹಿಮ್ಮಡಿ ಊರುವ, ಅಂಚಿನ ಮೇಲೆ ನಿಲ್ಲುವ ಅಭ್ಯಾಸ ಬಿಡಬೇಕು, ಏಕೆಂದರೆ ಎಲ್ಲ ಹಲ್ಲುಗಳೂ ಒಟ್ಟಿಗೆ ಕಚ್ಚಿದರೆ ಮಾತ್ರ ಹಿಡಿತ ಸಿಗುತ್ತದೆ. ಇಳಿಯುವಾಗ ಮಂಡಿ ಬಾಗಿಸಿ, ಭಾರ ಮುಂದಕ್ಕಿರಲಿ. ಹೆದರಿ ಹಿಂದಕ್ಕೆ ವಾಲಿದರೆ ಹಲ್ಲು ಕಿತ್ತುಕೊಳ್ಳುತ್ತವೆ.

ಗೈಡಿನ ಹೆಜ್ಜೆಯ ಮೇಲೇ ಸಾಲಾಗಿ ನಡೆಯಿರಿ. ನೀರು ಸುರಿದು ಕೊರೆದ ಆಳದ ಬಾವಿಗಳು, ಬಿರುಕುಗಳು ಪಕ್ಕದಲ್ಲೇ ಇರುತ್ತವೆ. ಫೋಟೋ ತೆಗೆಯುವವರು ಹಿಂದಕ್ಕೆ ಹೆಜ್ಜೆ ಇಡುವುದೇ ಇಲ್ಲಿನ ದೊಡ್ಡ ಅಪಾಯ. ಮೊದಲು ನಿಲ್ಲಿ, ಆಮೇಲೆ ಮೊಬೈಲ್ ತೆಗೆಯಿರಿ. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಮೊಬೈಲ್ ಒಳಜೇಬಿನಲ್ಲಿರಲಿ.

ನೋಡಬೇಕಾದ್ದು ಇಲ್ಲಿ ಬಹಳ ಇದೆ, ಅದರಲ್ಲೂ ಕಪ್ಪು ಶಂಕುಗಳು. ಮಂಜಿನಲ್ಲಿ ಹುದುಗಿರುವ ಜ್ವಾಲಾಮುಖಿಯ ಬೂದಿ ಮೇಲೆ ಬಂದು ತೆಳುವಾಗಿ ಹರಡಿದರೆ ಬಿಸಿಲು ಹೀರಿ ಮಂಜನ್ನು ಬೇಗ ಕರಗಿಸುತ್ತದೆ. ಅದೇ ಬೂದಿ ದಪ್ಪವಾಗಿ ಕೂತರೆ ಬಿಸಿಲನ್ನು ತಡೆದು ಕೆಳಗಿನ ಮಂಜನ್ನು ಉಳಿಸುತ್ತದೆ. ಸುತ್ತಲಿನ ಮಂಜು ಕರಗಿ ತಗ್ಗಿದಾಗ ಬೂದಿ ಹೊತ್ತ ಭಾಗ ಶಂಕುವಾಗಿ ನಿಲ್ಲುತ್ತದೆ. ಬೆಂಕಿಬೆಟ್ಟವೂ ಹಿಮವೂ ಒಂದರೊಳಗೊಂದು ಸೇರಿಕೊಂಡಿರುವುದನ್ನು ಇಷ್ಟು ಹತ್ತಿರದಿಂದ ನೋಡುವ ಜಾಗಗಳು ಲೋಕದಲ್ಲಿ ಕಡಿಮೆ. ಬಿರುಕಿನೊಳಗಿನ ನೀಲಿಯನ್ನೂ ಗಮನಿಸಿ. ಗಾಳಿಗುಳ್ಳೆ ಹೊರಹೋಗಿ ಒತ್ತಿಕೊಂಡ ಮಂಜು ಕೆಂಪು ಬೆಳಕನ್ನು ಹೀರಿ ನೀಲಿಯನ್ನು ಬಿಡುತ್ತದೆ.

ರೇನಿಸ್‌ಫ್ಯಾರಾ: ಕಡಲಿಗೆ ಬೆನ್ನು ಹಾಕಬೇಡಿ

ಇಡೀ ದಿನದಲ್ಲಿ ಅತಿ ಅಪಾಯದ ಜಾಗ ಹಿಮನದಿಯಲ್ಲ, ಈ ಕಡಲತೀರ. ಇಲ್ಲಿ ಹಲವು ಪ್ರವಾಸಿಗರು ಪ್ರಾಣ ಕಳೆದುಕೊಂಡಿದ್ದಾರೆ. ದಕ್ಷಿಣಕ್ಕೆ ಅಡ್ಡಲಾಗಿ ನೆಲವೇ ಇಲ್ಲದ ಸಾಗರ, ತೀರದ ಹತ್ತಿರದಲ್ಲೇ ತಟ್ಟನೆ ಆಳವಾಗುವ ತಳ. ಹಾಗಾಗಿ ದೂರದಿಂದ ಬಂದ ಅಲೆಗಳು ದಾರಿಯಲ್ಲಿ ಬಲ ಕಳೆದುಕೊಳ್ಳದೆ ದಡಕ್ಕೇರುತ್ತವೆ. ಹಲವು ಸಣ್ಣ ಅಲೆಗಳ ನಂತರ ಒಂದು ದೊಡ್ಡದು ಹತ್ತಾರು ಮೀಟರ್ ಒಳಗೆ ನುಗ್ಗುತ್ತದೆ. ಕಾಲಡಿಯ ಮರಳನ್ನು ಎಳೆದುಕೊಂಡು ಹಿಂದೆ ಸರಿಯುವ ನೀರಿನಲ್ಲಿ ಎದ್ದು ನಿಲ್ಲಲಾಗುವುದಿಲ್ಲ. ಮಲ್ಪೆಯಲ್ಲೋ ಕಾರವಾರದಲ್ಲೋ ಕಾಲು ನೆನೆಸಿ ಬೆಳೆದವರಿಗೆ ಇದು ಅಭ್ಯಾಸಕ್ಕೆ ವಿರುದ್ಧ, ಆದರೆ ಇಲ್ಲಿ ನೀರು ಮುಟ್ಟುವ ಹಾಗಿಲ್ಲ.

ನಿಲುಗಡೆಯಿಂದ ಇಳಿಯುವ ದಾರಿಯಲ್ಲಿ ಸಂಚಾರ ದೀಪದಂತಹ ಎಚ್ಚರಿಕೆ ಫಲಕವಿದೆ. ಕೆಂಪು ದೀಪವಿದ್ದರೆ ತೀರಕ್ಕೆ ಇಳಿಯಬೇಡಿ, ಮೇಲಿನಿಂದಲೇ ನೋಡಿ. ಹಳದಿ ಇದ್ದರೆ ಗುರುತಿಸಿದ ಗಡಿ ದಾಟಬೇಡಿ. ಹಸಿರಿದ್ದರೂ ಒದ್ದೆ ಮರಳಿನ ಗೆರೆಯಿಂದ 30 ಮೀಟರ್ ದೂರವಿರಿ, ಮಕ್ಕಳ ಕೈ ಬಿಡಬೇಡಿ. ಬಂಡೆಯ ಬುಡದ ಗುಹೆ ಆಕರ್ಷಕವಾಗಿದೆ, ಅಲೆ ಬಂದರೆ ಮೂರು ಕಡೆಯೂ ಗೋಡೆ. ಕೆಂಪು ಹಳದಿ ದಿನಗಳಲ್ಲಿ ಅದರ ಯೋಚನೆಯೇ ಬೇಡ.

ಅಲ್ಲಿನ ಬಸಾಲ್ಟ್ ಕಂಬಗಳನ್ನು ನಿಂತು ನೋಡಿ. ದಪ್ಪ ಲಾವಾ ನಿಧಾನವಾಗಿ ಆರುವಾಗ ಕುಗ್ಗಿ ಬಿರುಕು ಬಿಡುತ್ತದೆ. ಆ ಬಿರುಕು ಮೇಲಿನಿಂದ ಒಳಕ್ಕೆ ಸಾಗುತ್ತ ಆರು ಮೂಲೆಯ ಕಂಬಗಳನ್ನು ಕೊರೆಯುತ್ತದೆ. ಮಲ್ಪೆಯ ಸಮೀಪದ ಸೇಂಟ್ ಮೇರೀಸ್ ದ್ವೀಪದ ಕಂಬಗಳೂ ಹೀಗೆಯೇ ಆದವು, ಆದರೆ ಅವು ಭಾರತ ಮಡಗಾಸ್ಕರ್‌ನಿಂದ ಬೇರೆಯಾಗುತ್ತಿದ್ದ, ಸುಮಾರು 8.8 ಕೋಟಿ ವರ್ಷ ಹಿಂದಿನವು. ಅವುಗಳ ಶಿಲೆಯಲ್ಲಿ ಸಿಲಿಕಾ ಕೂಡ ಹೆಚ್ಚು.

ದಿರ್ಹೋಲಾಯ್‌ನಲ್ಲಿ ಮೇ ತಿಂಗಳಿಂದ ಆಗಸ್ಟ್‌ವರೆಗೆ ಪಫಿನ್ ಹಕ್ಕಿಗಳಿರುತ್ತವೆ. ಗೂಡು ಕಟ್ಟುವ ದಿನಗಳಲ್ಲಿ ಕೆಲವು ಭಾಗಗಳನ್ನು ಮುಚ್ಚುತ್ತಾರೆ, ಆ ವಾರದ ಸ್ಥಿತಿಯನ್ನು ಗೈಡಿನಿಂದ ಮೊದಲೇ ಕೇಳಿ. ಸ್ಕೋಗಾಫೋಸ್ 60 ಮೀಟರ್ ಎತ್ತರ, 25 ಮೀಟರ್ ಅಗಲ. ಪಕ್ಕದಲ್ಲಿ ಮೇಲಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಹಿಮನದಿಯಲ್ಲಿ ದಣಿದ ಮಂಡಿಗಳಿಗೆ ಬುಡದ ನೋಟವೇ ಸಾಕು. ಸೇಲ್ಯಾಲಾಂಡ್ಸ್‌ಫೋಸ್ ಹಿಂದಿನ ದಾರಿ ಚಳಿಗಾಲದಲ್ಲಿ ಮಂಜುಗಟ್ಟಿ ಮುಚ್ಚಿರುತ್ತದೆ. ಬೇಸಿಗೆಯಲ್ಲಿ ಲೆನ್ಸ್ ಒರೆಸಲು ಎರಡು ಒಣಬಟ್ಟೆ ಇಟ್ಟುಕೊಳ್ಳಿ. ಅಲ್ಲಿಂದ ಹತ್ತು ನಿಮಿಷ ನಡೆದರೆ ಬಂಡೆಯ ಸೀಳಿನೊಳಗೆ ಅಡಗಿದ ಗ್ಲ್ಯುವ್ರಾಬೂಯಿ ಎಂಬ ಇನ್ನೊಂದು ಜಲಪಾತವಿದೆ, ಅನೇಕ ಗುಂಪುಗಳು ಅದನ್ನು ಬಿಟ್ಟೇ ಹೋಗುತ್ತವೆ.

ಜ್ವಾಲಾಮುಖಿ ಎದ್ದರೆ

ಐಸ್‌ಲ್ಯಾಂಡಿನಲ್ಲಿ ಸ್ಫೋಟ ಎಂಬ ಸುದ್ದಿ ಓದಿ ತಕ್ಷಣ ಟಿಕೆಟ್ ರದ್ದು ಮಾಡಬೇಡಿ, ಎಲ್ಲಿ ಎಂಬುದನ್ನು ನೋಡಿ. ಗ್ರಿಂಡಾವಿಕ್ ಊರನ್ನು 2023ರ ನವೆಂಬರಿನಲ್ಲಿ ಭೂಕಂಪಗಳ ಸರಣಿಯಿಂದಾಗಿ ಖಾಲಿ ಮಾಡಿಸಿದರು, ಡಿಸೆಂಬರಿನಿಂದ ಅದರ ಬಳಿ ಲಾವಾ ಮತ್ತೆ ಮತ್ತೆ ಉಕ್ಕಿತು. ಆದರೆ ಅದು ನೆಲದ ಬಿರುಕಿನಿಂದ ಹರಿಯುವ ಬಗೆ, ಬೂದಿ ಕಡಿಮೆ. ದಕ್ಷಿಣ ಕರಾವಳಿಯ ರಸ್ತೆ ಅಲ್ಲಿಂದ ದೂರ. ಮಂಜಿನಡಿಯ ಜ್ವಾಲಾಮುಖಿಯ ಕಥೆ ಬೇರೆ. ಶಿಲಾರಸ ಕರಗಿದ ನೀರಿಗೆ ತಗುಲಿ ಸಿಡಿದು ನುಣ್ಣನೆಯ ಬೂದಿಯಾಗುತ್ತದೆ. 2010ರ ಏಪ್ರಿಲ್‌ನಲ್ಲಿ ಏಯಾಫ್ಯಾಟ್ಲಾಯೋಕುಲ್ ಯುರೋಪಿನ ವಿಮಾನಗಳನ್ನು ನಿಲ್ಲಿಸಿದ್ದು ಹಾಗೆ.

ಈ ದಾರಿಯಲ್ಲಿ ಬೂದಿಗಿಂತ ಹೆಚ್ಚು ಭಯಪಡಬೇಕಾದ್ದು ಹಿಮನದಿಯಡಿಯಿಂದ ಹಠಾತ್ತನೆ ಬರುವ ಪ್ರವಾಹಕ್ಕೆ. 2011ರ ಜುಲೈನಲ್ಲಿ ಅಂಥ ಪ್ರವಾಹ ವೀಕ್‌ನ ಪೂರ್ವಕ್ಕಿರುವ ಹೆದ್ದಾರಿ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. 2024ರ ಜುಲೈನಲ್ಲೂ ಪ್ರವಾಹ ಹೆದ್ದಾರಿಗೆ ನುಗ್ಗಿ ಸಂಚಾರ ನಿಂತಿತು. ಹಿಮನದಿಯಿಂದ ಬರುವ ಹೊಳೆಯ ನೀರು ಇದ್ದಕ್ಕಿದ್ದಂತೆ ಏರಿದರೆ, ಗಂಧಕದ ವಾಸನೆ ದಟ್ಟವಾದರೆ ಗೈಡಿಗೆ ತಿಳಿಸಿ, ದಂಡೆಯಿಂದ ಎತ್ತರಕ್ಕೆ ಸರಿಯಿರಿ. ಅಪಾಯವಿರುವ ಪ್ರದೇಶದಲ್ಲಿರುವ ಮೊಬೈಲುಗಳಿಗೆ ನಾಗರಿಕ ರಕ್ಷಣಾ ಇಲಾಖೆ ಸಂದೇಶ ಕಳಿಸುತ್ತದೆ, ಆದ್ದರಿಂದ ರೋಮಿಂಗ್ ಆನ್ ಇರಲಿ. ತುರ್ತು ಕರೆಯ ಸಂಖ್ಯೆ 112. ಇದೇ ಹೆಸರಿನ ಆ್ಯಪ್ ಹಾಕಿಕೊಂಡರೆ ನೀವಿರುವ ಸ್ಥಳವನ್ನೂ ಅದು ತಿಳಿಸುತ್ತದೆ. ವೀಕ್‌ನಲ್ಲಿರುವಾಗ ಕಾಟ್ಲಾ ಬಗ್ಗೆ ಎಚ್ಚರಿಕೆ ಬಂದರೆ ಊರಿನವರು ಸೇರುವುದು ಗುಡ್ಡದ ಮೇಲಿನ ಕೆಂಪು ಮಾಡಿನ ಚರ್ಚಿನ ಬಳಿ. ಸಾಮಾನಿಗಾಗಿ ವಾಹನದತ್ತ ಓಡದೆ ಅಲ್ಲಿಗೆ ಹತ್ತಿ.